ಗೋವಿಂದಸಾಮಿ ಹೆಸರಿನ ಪೆಟ್ಟಿಗೆ

ತಾತನಿಗೆ ಅರಳು ಮರಳು, ಒಂದಕ್ಕೊಂದು ಸೇರಿಸಿ ಹೇಳ್ತಾನೆ ಅಂತ ಈ ವಾಟ್ಸಾಪ್ ಗ್ರೂಪಲ್ಲೇ ಯಾರೋ ಬರೆದಿದ್ದೀರಂತೆ. ನಂಗೆ ಓದಕ್ಕೆ ಬರದೆ ಇರಬಹುದು, ಓದಿ ಹೇಳೋರು ಮನೇಲಿದಾರೆ. ಬರೆಯಕ್ಕೂ ಬರಲ್ಲ, ಅದಕ್ಕೇ ಬಾಯಲ್ಲೇ ಹೇಳಿ ರೆಕಾರ್ಡ್ ಮಾಡಿ ಹಾಕ್ತಿದೀನಿ. ನಿಮ್ಮ ನಿಮ್ಮ ತೊಟ್ಟಿಲು ಕಟ್ಟಿದ ಹಳೇ ಸೀರೆಗಳ ಅಂಚು ಯಾವ ಬಣ್ಣ ಅಂತ ಹೇಳ್ಲಾ? ನಮ್ಮ ಬೀದೀಲಿ ಮೊದಲನೇ ಪವರ್‌ಲೂಮ್ ಶೆಡ್ಡಿಗೆ ಕರೆಂಟ್ ಬಂದ ದಿನ ಯಾರು ಚಪ್ಪಲಿ ಬಿಟ್ಟು ಒಳಗೆ ಬಂದ್ರು, ಯಾರು ಹಾಕ್ಕೊಂಡೇ ಬಂದ್ರು, ಹೇಳ್ಲಾ? ಹಾಕ್ಕೊಂಡು ಬಂದೋರ ಮಕ್ಕಳೇ ಇವತ್ತು ನಗೋ ಬೊಂಬೆ ಹಾಕಿರೋದು. ಬಾಯಿ ಮುಚ್ಚಿಕೊಂಡು ಕೇಳಿ. ಇದು ದೀನದಯಾಳನ್ ಕತೆ. ಅವನ ತಲೆಯೊಳಗೆ ಓಡಿದ್ದು ನಿನಗೆ ಹೆಂಗೆ ಗೊತ್ತು ಅಂತ ಕೇಳ್ತೀರ. ಅವನೇ ಬಂದು ನನ್ನ ಜಗಲಿ ಮೇಲೆ ಎರಡು ಗಂಟೆ ಕೂತು ಹೇಳಿದ. ಹೇಳದೆ ನುಂಗಿದ್ದನ್ನ ನಾನು ಅವನ ಗಂಟಲಲ್ಲೇ ನೋಡ್ದೆ. ನನ್ನ ಹತ್ರಾನೇ ಯಾಕೆ ಬಂದ ಅನ್ನೋದು ಕೊನೇಗೆ.

ಅವತ್ತು ಅಮಾವಾಸ್ಯೆ. ಅಮಾವಾಸ್ಯೆ ದಿನ ಈ ತಮಿಳು ನಾಡಲ್ಲಿರೋ ನಮ್ಮ ಕನ್ನಡ ನೇಕಾರರ ಶೆಡ್ಡುಗಳಲ್ಲಿ ಮಗ್ಗ ಓಡ್ಸಲ್ಲ, ಕರುಮತ್ತಂಪಟ್ಟಿಯ ನಮ್ಮ ಬೀದಿ ಕಿವಿಗೆ ಹತ್ತಿ ಇಟ್ಟುಕೊಂಡ ಹಂಗೆ ಇರ್ತದೆ. ಆ ಸದ್ದಿಲ್ಲದ ಬೆಳಗ್ಗೆ ದೀನದಯಾಳನ್ ಕಂಪ್ಯೂಟರ್ ಪೆಟ್ಟಿಗೇನ ಹಳೇ ಲುಂಗೀಲಿ ಕಟ್ಟಿ, ಎದೆಗೆ ಅವುಚಿಕೊಂಡು, ಕೊಯಮತ್ತೂರು ಬಸ್ಸು ಹತ್ತಿದ. ಐವತ್ತೆರಡು ವಯಸ್ಸು, ಸೀರೆಗೆ ಡಿಸೈನ್ ಬರಿಯೋದು ಕೆಲಸ. ಅವನು ಕಂಪ್ಯೂಟರಲ್ಲಿ ಬರೆದ ಅಂಚು, ಬುಟ್ಟಾ, ಸೆರಗು ಇವೇ ಮಗ್ಗದ ತಲೆ ಮೇಲಿರೋ ಜಾಕಾರ್ಡಿಗೆ ಹೋಗಿ ಬಟ್ಟೆಯಾಗಿ ಇಳಿಯೋದು. ಕಂಡಕ್ಟರ್ ಗಂಟು ನೋಡಿ ಒಳಗಿರೋದು ಕೋಳಿಯಾ ಅಂತ ಕೇಳ್ದ. ಕಂಪ್ಯೂಟರು ಅಂದಾಗ, ಜ್ವರಾನಾ ಪಾಪ, ಆಸ್ಪತ್ರೆಗಾ ಅಂದ. ಹಿಂದಿನ ಸೀಟಿನ ಹೆಂಗಸರೆಲ್ಲ ನಕ್ಕರು. ದೀನದಯಾಳನ್ ಕೂಡ ನಗೋಣ ಅಂತ ತುಟಿ ಎಳೆದ, ಆಗಲಿಲ್ಲ. ಜ್ವರ ಅಲ್ಲ, ಒಂಬತ್ತು ನಿಮಿಷ ಅಂತ ಹೇಳಬೇಕು ಅನ್ನಿಸ್ತು. ದಿನಾ ಬೆಳಗ್ಗೆ ಸ್ವಿಚ್ ಒತ್ತಿದ ಮೇಲೆ ಪರದೆ ಎದ್ದೇಳಕ್ಕೆ ಒಂಬತ್ತು ನಿಮಿಷ. ಸುಮ್ಮನೆ ಕಪ್ಪಗಿದ್ದಿದ್ರೆ ತೊಂದ್ರೆ ಇರಲಿಲ್ಲ. ನೀಲಿ ಬಣ್ಣ ಬಂದು, ಮಧ್ಯದಲ್ಲಿ ಒಂದು ಹೆಸರು ಬಂದು, ಅದರ ಕೆಳಗೆ ಚುಕ್ಕಿಗಳು ಗಾಣ ಸುತ್ತೋ ಎತ್ತಿನ ಹಂಗೆ ಸುತ್ತುತ್ತಾ ಸುತ್ತುತ್ತಾ ನಿಂತುಬಿಡ್ತವೆ. ಹೆಸರು, ಗೋವಿಂದಸಾಮಿ. ಅವನ ಹೆಂಡತಿ ಕಣ್ಣಮ್ಮನ ಸ್ವಂತ ಅಣ್ಣ. ಕಣ್ಣಮ್ಮ ಕಾಫಿ ಲೋಟ ಇಟ್ಟು ಹೋಗೋವಾಗ ಒಂದು ಗಳಿಗೆ ನಿಂತು ಆ ಹೆಸರು ನೋಡ್ತಾಳೆ. ಅವತ್ತು ಬೆಳಗ್ಗೇನೂ ನೋಡಿದ್ಲು. ‘ಅಣ್ಣ ಇಲ್ಲೇ ಇದ್ದಿದ್ರೆ ಈ ಪೆಟ್ಟಿಗೆ ಇಷ್ಟೊತ್ತಿಗೆ ಎದ್ದು ಮುಖ ತೊಳ್ಕೊಂಡಿರ್ತಿತ್ತು’ ಅಂದ್ಲು. ಅದಕ್ಕೇ ಅವನು ಅವತ್ತೇ ಗಂಟು ಕಟ್ಟಿದ್ದು.

ಮೊದಲು ಇಬ್ಬರೂ ಕೂಡಿ ಬರೀತಿದ್ರು. ಗ್ರಾಫ್ ಹಾಳೆ ಮೇಲೆ ಪೆನ್ಸಿಲ್ಲಲ್ಲಿ ಮನೆ ಮನೆ ತುಂಬ್ತಿದ್ದ ಕಾಲದಿಂದಾನೂ ಗೋವಿಂದಸಾಮಿ ಗುರು, ಇವನು ಶಿಷ್ಯ. ಆಮೇಲೆ ಇವನು ಅವನ ತಂಗೀನ ಮದುವೆ ಆದ. ಕಂಪ್ಯೂಟರ್ ಬಂದಾಗ ತಂದೋನೂ ಗೋವಿಂದಸಾಮಿ, ಕಲಿತೋನೂ ಅವನೇ, ಹೆಸರು ಹಾಕಿದ್ದೂ ಅವನೇ. ಒಳಗೆ ಹೋಗಕ್ಕೆ ನಾಕು ಅಂಕಿ, ಎರಡು ಆರು ಎಂಟು ಎಂಟು, ಅವರ ಜಾಕಾರ್ಡಿಗೆ ಎಷ್ಟು ಕೊಕ್ಕೆಯೋ ಅಷ್ಟು. ಬೆಳಗ್ಗೆ ಬಾವ ಕೂರ್ತಿದ್ದ, ಮಧ್ಯಾಹ್ನ ಇವನು. ಕುರ್ಚಿ ಒಂದು, ಹೆಸರು ಒಂದು. ಯಾರು ಬರೆದ್ರೂ ಪೆಟ್ಟಿಗೆ ಮಾತ್ರ ಗೋವಿಂದಸಾಮಿ ಬರೆದ ಅಂತಾನೇ ಗುರುತು ಹಾಕ್ಕೊಳ್ತಿತ್ತು. ಹಂಗಿರೋದು ಒಂದು ಸುಖ ಕೂಡ ಅಂತ ಅವನಿಗೆ ಆಗ ಅನ್ನಿಸ್ತಿತ್ತು. ದೊಡ್ಡವರ ಕೊಡೆ ಕೆಳಗೆ ನಡೆದ ಹಂಗೆ. ಬಸ್ಸು ಸೂಲೂರು ತಿರುವಿನ ಹತ್ರ ಎತ್ತಿ ಹಾಕ್ತು, ಪೆಟ್ಟಿಗೆ ಮೂಲೆ ಅವನ ಪಕ್ಕೆಲುಬಿಗೆ ಬಡೀತು. ಪರವಾಗಿಲ್ಲ, ಬಡೀಲಿ ಅಂತ ಇನ್ನೂ ಬಿಗಿಯಾಗಿ ಹಿಡ್ಕೊಂಡ.

ಆರ್.ಎಸ್. ಪುರಂನ ಅಂಗಡೀಲಿ ಇದ್ದೋಳು ತೆನ್ಮೊಳಿ. ಮೂವತ್ತರ ಹೆಂಗಸು, ಕೂದಲು ಗಂಟು ಹಾಕಿ ಅದಕ್ಕೊಂದು ಸ್ಕ್ರೂಡ್ರೈವರ್ ಸಿಕ್ಕಿಸಿದ್ಲು. ಲುಂಗಿ ಬಿಚ್ಚಿದ ಕೂಡಲೇ ಅವಳಿಗೆ ಧೂಳು ಕಾಣ್ತು, ಧೂಳಿನ ಜೊತೆ ಹತ್ತಿಯ ಎಳೆ ಕಾಣ್ತು. ಸೋಮನೂರು ಕಡೆಯವರಾ ಅಣ್ಣಾ, ನಿಮ್ಮ ಕಡೆ ಪೆಟ್ಟಿಗೆ ಎಲ್ಲಾ ಹಿಂಗೇ ಮೀಸೆ ಬಿಟ್ಟಿರ್ತವೆ ಅಂದ್ಲು ತಮಿಳಲ್ಲಿ. ಕಾಯ್ತಾ ನಿಂತಿದ್ದ ನಾಕು ಜನ ತಿರುಗಿ ನೋಡಿದ್ರು. ಸ್ವಿಚ್ ಹಾಕಿ ನೀಲಿ ಪರದೆ ಮುಂದೆ ಕೈಕಟ್ಟಿ ನಿಂತ್ಲು. ಒಂಬತ್ತು ನಿಮಿಷದಲ್ಲಿ ಇಬ್ಬರು ಗಿರಾಕಿಗಳನ್ನ ಕಳ್ಸಿ ಬಂದ್ಲು. ಪರದೆ ಮೇಲಿದ್ದ ಹೆಸರನ್ನ ಓದಿ, ‘ಗೋವಿಂದಸಾಮಿ ಅಣ್ಣಾ, ಪಿನ್ ಸೊಲ್ಲುಂಗ’ ಅಂದ್ಲು, ಒಳಗೆ ಹೋಗೋ ನಾಕು ಅಂಕಿ ಹೇಳಿ ಅಂತ. ಇಲ್ಲಮ್ಮಾ, ಅದು ನಮ್ಮ ಬಾವ, ನನ್ನ ಹೆಸರು ದೀನದಯಾಳನ್. ಇಷ್ಟೇ ಹೇಳಬೇಕಿತ್ತು, ನಾಲಿಗೆ ತುದೀಲಿತ್ತು. ಆದ್ರೆ ಹಂಗಂದ್ರೆ ಬಾವ ಎಲ್ಲಿ ಅಂತ ಮುಂದಿನ ಪ್ರಶ್ನೆ ಬರ್ತದೆ. ಯಾರೂ ಕೇಳದ ಪ್ರಶ್ನೆಗೆ ಹೆದರಿ ಬಾಯಿ ಕಟ್ಕೊಳ್ಳೋದು ಅವನಿಗೆ ಮೂರು ವರ್ಷದಿಂದ ಅಭ್ಯಾಸ ಆಗಿಹೋಗಿತ್ತು. ಎರಡು ಆರು ಎಂಟು ಎಂಟು ಅಂದ. ಅವಳು ಚೀಟೀಲಿ ಗೋವಿಂದಸಾಮಿ, ಕರುಮತ್ತಂಪಟ್ಟಿ ಅಂತ ಬರೆದು ಪೆಟ್ಟಿಗೆಗೆ ಅಂಟಿಸಿದ್ಲು. ಅಲ್ಲಿಂದ ಸಾಯಂಕಾಲದವರೆಗೆ ಆ ಅಂಗಡೀಲಿ ಅವನು ಗೋವಿಂದಸಾಮಿ ಅಣ್ಣನೇ. ಗೋವಿಂದಸಾಮಿ ಅಣ್ಣಾ ಸ್ವಲ್ಪ ಜರುಗಿ, ಗೋವಿಂದಸಾಮಿ ಅಣ್ಣಾ ಟೀ ಬೇಕಾ. ಪ್ರತಿ ಸಲಾನೂ ಅವನು ಒಂದು ಕ್ಷಣ ತಡವಾಗಿ ತಿರುಗ್ತಿದ್ದ, ಕಿವಿ ಮಂದ ಅಂತ ಅವಳು ಧ್ವನಿ ಏರಿಸಿದ್ಲು.

ವಿಂಡೋಸ್ ಹೊಸದಾಗಿ ಹಾಕಬೇಕು ಅಂತ ಹೇಳಿ, ಅವಳು ಫೈಲುಗಳನ್ನೆಲ್ಲ ತುಂಬಿಡೋ ತಗಡು ಎರಡನ್ನ ಮೇಜಿನ ಮೇಲೆ ಇಟ್ಲು, ಒಂದು ಹಳೇದು, ಒಂದು ಹೊಸದು. ಪೆಟ್ಟಿಗೆಯೊಳಗಿಂದ ತೆಗೆದ ಹಳೇ ಎಸ್‌ಎಸ್‌ಡಿ ಅಂಗೈಯಗಲ, ಐನೂರು ಜಿಬಿ. ಹೊಸದು ಇನ್ನೂರೈವತ್ತು, ಜಾಕಾರ್ಡಿನ ಹಳೇ ರಟ್ಟಿನ ಕಾರ್ಡು ಹರಿದು ಬಿದ್ದ ಚೂರಿನಷ್ಟೇ ಇದೆ. ವಿಂಡೋಸ್ ಯಾವುದಕ್ಕೆ ಹಾಕ್ಲಿ ಅಂತ ಕೇಳಿ, ಹೊಸದಕ್ಕೇ ಹಾಕೋದು ಒಳ್ಳೇದು, ಇದು ನಾಕು ಪಟ್ಟು ಜೋರು, ಹಳೇದು ಡಿಸೈನ್ ಇಡಕ್ಕೆ ಇರ್ಲಿ ಅಂತ ಅವಳೇ ಉತ್ತರಾನೂ ಹೇಳಿದ್ಲು. ದೀನದಯಾಳನ್ ತಲೆ ಆಡಿಸ್ಲಿಲ್ಲ. ಆ ಚೂರಿನ ಮೇಲೆ ಇಡೀ ಕಂಪ್ಯೂಟರ್ ಹೆಂಗೆ ನಿಲ್ತದೆ, ಹಳೇದು ದೊಡ್ಡದು, ಪಳಗಿದ್ದು, ಅದಕ್ಕೇ ಹಾಕು ಅಂದ. ಅವಳು ಸಮಾಧಾನವಾಗಿ, ಹಳೇದಕ್ಕೆ ಹೊಸದಾಗಿ ಹಾಕಿದ್ರೆ ಒಳಗಿರೋದೆಲ್ಲ ಅಳಿಸಿಹೋಗ್ತದೆ, ಪರವಾಯಿಲ್ವಾ ಅಂದ್ಲು.

ಆ ಮಾತು ಕೇಳಕ್ಕೇ ಅವನು ಬಂದಿದ್ದು. ಬಸ್ಸು ಹತ್ತೋವಾಗ ಅವನಿಗೇ ಗೊತ್ತಿರಲಿಲ್ಲ, ಮೇಜಿನ ಮುಂದೆ ಗೊತ್ತಾಯ್ತು. ಅಳಿಸಿಹೋಗ್ತದೆ. ಅವನು ಅಳಿಸಿದ ಅಂತ ಆಗಲ್ಲ, ಅವನು ಬರೀ ದೊಡ್ಡದು ಯಾವುದು ಚಿಕ್ಕದು ಯಾವುದು ಅಂತ ಆರಿಸಿದ, ಅಷ್ಟೇ. ಆ ಅಂಗೈಯಗಲದ ತಗಡಿನೊಳಗೆ ಒಂದು ಫೈಲ್ ಇದೆ. ತಿರುಪ್ಪೂರಿನ ಒಂದು ಮದುವೆಗೆ, ಮನೆ ಹೆಂಗಸರೆಲ್ಲ ಒಂದೇ ತರ ಉಡಕ್ಕೆ ನಲವತ್ತು ಸೀರೆ, ಎರಡೂ ಅಂಚಲ್ಲಿ ಅನ್ನಪಕ್ಷಿ, ಅಂದ್ರೆ ಹಂಸದ ಸಾಲು. ಒಂದು ಅಂಚು ಬರೆದು ಇನ್ನೊಂದಕ್ಕೆ ಕನ್ನಡಿಯ ಹಂಗೆ ತಿರುವಿ ಹಾಕಬೇಕು. ಅವತ್ತು ಬಾವ ಇರಲಿಲ್ಲ, ಬೆಳಗ್ಗೇನೇ ಇವನು ಕೂತಿದ್ದ, ಹೊಟ್ಟೆ ಹಸೀತಿತ್ತು, ತಿರುವೋದು ಮರೆತು ಹಂಗೇ ನಕಲು ಹಾಕ್ದ. ನಲವತ್ತು ಸೀರೇಲೂ ಒಂದು ಅಂಚಲ್ಲಿ ಹಕ್ಕಿ ಕಾಲ ಮೇಲೆ ನಿಂತಿದೆ, ಇನ್ನೊಂದರಲ್ಲಿ ತಲೆ ಮೇಲೆ ನಿಂತಿದೆ. ನಾಕು ದಿನ ಆದ ಮೇಲೆ ಶೆಡ್ ಮೊದಲಾಳಿ, ಅಂದ್ರೆ ಯಜಮಾನ, ಒಂದು ಸೀರೆ ತಂದು ಕೀಬೋರ್ಡ್ ಮೇಲೆ ಎಸೆದ. ಇಬ್ಬರೂ ಅಲ್ಲೇ ಇದ್ರು. ಯಾರು ಬರೆದದ್ದು ಅಂತ ಕೇಳ್ದ. ಮೊದಲಾಳಿಗೆ ಓದಕ್ಕೆ ಬರಲ್ಲ, ಪೆಟ್ಟಿಗೆ ಏನು ಹೇಳ್ತದೆ ಓದೋ ಅಂತ ದೀನದಯಾಳನಿಗೆ ಹೇಳ್ದ. ಅವನು ಓದಿದ. ಗೋವಿಂದಸಾಮಿ. ಮಂಗಳವಾರ, ಹನ್ನೊಂದು ಇಪ್ಪತ್ತು. ಓದಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದೇ ಮೂರು ವರ್ಷದಿಂದ ಅವನ ಗಂಟಲಲ್ಲಿ ಸಿಕ್ಕಿಕೊಂಡಿರೋದು. ಸುಳ್ಳು ಹೇಳಿದ್ರೆ ಒಂದಿನ ಒಪ್ಪಿಕೊಂಡು ಉಗಿದುಬಿಡಬಹುದು, ಓದಿದ್ದನ್ನ ಏನಂತ ಒಪ್ಪಿಕೊಳ್ಳೋದು?

ಬಾವ ಆಗ ಅವನ ಕಡೆ ನೋಡ್ದ. ಕೋಪ ಇದ್ದಿದ್ರೆ ಮರೀಬಹುದಿತ್ತು. ಓಡೋ ಮಗ್ಗದಲ್ಲಿ ಒಂದು ಎಳೆ ತುಂಡಾಗಿದ್ದನ್ನ ಕಂಡು, ಇದಕ್ಕಾಗಿ ಮಗ್ಗ ನಿಲ್ಲಿಸೋದು ಬೇಡ ಅಂತ ಬಿಡ್ತೀವಲ್ಲ, ಆ ನೋಟ. ತಂಗಿ ಮನೆಯ ಮಗ್ಗ ಓಡ್ತಾ ಇರ್ಲಿ ಅಂತ. ಮೊದಲಾಳಿ ಬಾಯಿಗೆ ಬಂದ ಹಂಗೆ ಬೈದ. ಕೈ ನಡುಗೋ ವಯಸ್ಸಾಯ್ತು, ಮನೇಲಿ ಕೂತ್ಕೋ ಅಂದ. ಗೋವಿಂದಸಾಮಿ ಕನ್ನಡಕ ಮಡಚಿ ಜೇಬಲ್ಲಿಟ್ಟು ಎದ್ದು ಹೋದ. ಈಗ ತಿರುಪ್ಪೂರಲ್ಲಿ ಒಂದು ಬನಿಯನ್ ಕಂಪನೀಲಿ ಚೆಕಿಂಗ್ ಮೇಜಿನ ಮುಂದೆ ನಿಂತು, ತೂತಿರೋ ಜಾಗಕ್ಕೆಲ್ಲ ಸ್ಟಿಕರ್ ಅಂಟಿಸ್ತಾನೆ. ಅಂಚು ಬರೆದ ಕೈ. ತಂಗಿ ಮನೆಗೆ ಬರಲ್ಲ. ಅಣ್ಣನಿಗೆ ಕೆಲಸ ತಪ್ಪಿಹೋಯ್ತು, ಅವಮಾನಕ್ಕೆ ಬರ್ತಿಲ್ಲ ಅಂತ ಕಣ್ಣಮ್ಮ ತಿಳ್ಕೊಂಡಿದಾಳೆ. ಯುಗಾದಿಗೆ ಒಬ್ಬಟ್ಟು ಬೇಯಿಸಿ, ಯಾರಾದ್ರೂ ಆ ಕಡೆ ಹೋಗ್ತಾರಾ ಅಂತ ಡಬ್ಬ ಹಿಡ್ಕೊಂಡು ಬಾಗಿಲಲ್ಲಿ ನಿಲ್ತಾಳೆ.

‘ಅಣ್ಣಾ, ಅಳಿಸ್ಲಾ ಬೇಡ್ವಾ, ಹಿಂದೆ ಜನ ಕಾಯ್ತಿದಾರೆ’ ಅಂದ್ಲು ತೆನ್ಮೊಳಿ. ಪರವಾಗಿಲ್ಲ, ಅಳಿಸು. ಈ ಎರಡು ಮಾತು ಬರಲಿಲ್ಲ. ಬೇಡ ಅನ್ನೋದೂ ಬರಲಿಲ್ಲ. ಬಾಯಿಗೆ ಬಂದದ್ದು ಕೈ ಕಲಿತದ್ದು. ನೇಯೋರಿಗೆ ಗೊತ್ತು, ಉದ್ದಕ್ಕೆ ಹಾಯೋ ಹಾಸಿನ ನೂಲು ಮುಗಿದ್ರೆ ಮಗ್ಗವನ್ನ ನಾವು ಯಾವತ್ತೂ ಬರಿದು ಮಾಡಲ್ಲ. ಬಾಚಣಿಗೆ ಹಂಗಿರೋ ಹಣಿಗೇಲಿ ಹಳೇ ಎಳೆಗಳ ತುದಿ ಬಿಟ್ಟು, ಒಂದೊಂದಕ್ಕೂ ಹೊಸ ಎಳೆ ಸೇರಿಸಿ ಹೊಸೆದು ಕೆಚ್ತೀವಿ. ಐದು ಸಾವಿರ ಎಳೆ ಆದ್ರೂ ಸರಿ. ಹಳೇದು ಹೊಸದನ್ನ ಕೈಹಿಡಿದು ಒಳಗೆ ಕರ್ಕೊಂಡು ಹೋಗ್ತದೆ. ಹಂಗೆ ಮಾಡಕ್ಕಾಗಲ್ವಾ ಅಂತ ಕೇಳ್ದ, ಹಳೇದರಲ್ಲಿರೋದನ್ನ ಇರೋ ಹಂಗೇ ಹೊಸದಕ್ಕೆ ಕೆಚ್ಚಿಬಿಡು. ಅವಳು ಅರ್ಥ ಮಾಡಿಕೊಂಡು, ಕ್ಲೋನಾ, ಹಳೇದರಲ್ಲಿ ಅರ್ಧಾನೂ ತುಂಬಿಲ್ಲ, ಆಗ್ತದೆ, ಆದ್ರೆ ರೋಗ ಇರೋದು ಹಳೇ ವಿಂಡೋಸಲ್ಲಿ, ರೋಗಾನೂ ಜೊತೇಲಿ ಬರ್ತದೆ ಅಂದ್ಲು. ಇಲ್ಲ, ಕೆಚ್ಚು ಅಂದ. ಅದರಲ್ಲಿ ಅವನಿಗೆ ಒಂದು ಗೆಲುವು ಕಾಣ್ತು. ಅಳಿಸಲೂ ಇಲ್ಲ, ಆರಿಸಲೂ ಇಲ್ಲ. ‘ಸರಿಂಗಣ್ಣಾ, ನಿಮ್ಮ ಪೆಟ್ಟಿಗೆ, ನಿಮ್ಮ ಇಷ್ಟ’ ಅಂದ್ಲು ಅವಳು.

ಒಂದೂವರೆ ಗಂಟೆ ಹಿಡೀತು. ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಅವನು ಪರದೆ ಮೇಲಿನ ಹಸಿರು ಗೆರೆ ಇಂಚಿಂಚು ಬೆಳೆಯೋದನ್ನ ನೋಡ್ತಿದ್ದ. ಮೂವತ್ತೊಂದು ಪರ್ಸೆಂಟಲ್ಲಿ ಹತ್ತು ನಿಮಿಷ ನಿಂತುಬಿಡ್ತು. ಆ ಫೈಲೇ ಈಗ ದಾಟ್ತಿದೆ, ಅದಕ್ಕೇ ಸಿಕ್ಕಿಕೊಂಡಿದೆ ಅಂತ ಅವನಿಗೆ ಖಾತ್ರಿ ಆಗೋಯ್ತು. ಮೂರ್ಖತನ ಅಂತ ಗೊತ್ತು, ಆದ್ರೂ ಸ್ಟೂಲನ್ನ ಪರದೆ ಹತ್ರಕ್ಕೆ ಎಳ್ಕೊಂಡ. ಪಕ್ಕದಲ್ಲಿ ಕೂತಿದ್ದವನೊಬ್ಬ ಏನು ಕೆಲಸ ಅಂತ ಕೇಳಿದ್ದಕ್ಕೆ ಚೆಕಿಂಗು, ತಿರುಪ್ಪೂರಲ್ಲಿ ಅಂದುಬಿಟ್ಟ. ಯಾಕಂದ್ನೋ. ಹೆಸರು ಹಾಕ್ಕೊಂಡ ಮೇಲೆ ಕೆಲಸಾನೂ ಹಾಕ್ಕೊಬೇಕು ಅಂತ ಇರಬೇಕು. ಆ ಮನುಷ್ಯ ಪಾಪ, ನಿಂತು ನಿಂತು ಕಾಲು ನೋವು ಬರಲ್ವಾ ಅಂದ. ಬರ್ತದೆ ಅಂದ ದೀನದಯಾಳನ್, ಕಣ್ಣಲ್ಲಿ ನೀರು ಬರೋ ಹಂಗಾಯ್ತು, ಕೆಮ್ಮಿದ.

ಕೆಚ್ಚಿದ್ದು ಮುಗಿದು ಹೊಸ ಚೂರಿಂದ ಪೆಟ್ಟಿಗೆ ಎದ್ದಿತು. ನೀಲಿ ಪರದೆ. ಗೋವಿಂದಸಾಮಿ. ಕೆಳಗೆ ಚುಕ್ಕಿ. ಒಂದು ನಿಮಿಷ, ಎರಡು, ನಾಕು. ಚುಕ್ಕಿ ನಿಂತಿತು. ನಾಕು ಪಟ್ಟು ಜೋರಿನ ಹೊಸ ಸಾಮಾನಿನ ಮೇಲೂ ಅದೇ ಹೆಸರು ಅದೇ ಜಾಗದಲ್ಲಿ ಕೂತು ಅವನನ್ನ ನೋಡ್ತಾ ಇದೆ. ಅವನು ಮೇಜಿಗೆ ಗುದ್ದಿದ. ಸ್ಕ್ರೂಗಳು ಹಾರಿ ಬಿದ್ದವು. ತೆನ್ಮೊಳಿ ಬೈಲಿಲ್ಲ. ಬಗ್ಗಿ ಒಂದೊಂದೇ ಸ್ಕ್ರೂ ಆರಿಸ್ತಾ ಕೇಳಿದ್ಲು, ‘ನಿಮ್ಮ ಕಡೆ ನೂಲು ಕೊಳೆತು ಹೋಗಿದ್ರೂ ಅದಕ್ಕೇ ಸೇರಿಸ್ತೀರಾ ಅಣ್ಣಾ?’

ಇಲ್ಲ. ಕೊಳೆತಿದ್ರೆ ಕತ್ತರಿಸಿ ತೆಗೀತೀವಿ. ಹಣಿಗೆ ಪೂರಾ ಬಿಚ್ಚಿ, ಒಂದೊಂದೇ ಸಂದೀಲಿ ಹೊಸ ಎಳೆ ಪೋಣಿಸ್ತೀವಿ, ಎರಡು ದಿನ ಕಣ್ಣು ಹೋಗ್ತದೆ. ಕತ್ತರಿಸಿದ ತುಂಡನ್ನ ಎಸೆಯಲ್ಲ. ಯಾವ ನೂಲು, ಯಾಕೆ ಕೆಡ್ತು ಅಂತ ನೂಲು ಕೊಟ್ಟೋರ ಮುಂದೆ ಹಿಡಿದು ತೋರಿಸ್ತೀವಿ. ಇದನ್ನ ಕಲಿಸಿದ್ದು ಬಾವಾನೇ, ಇವನಿಗೆ ಹತ್ತೊಂಬತ್ತು ವರ್ಷ ಇದ್ದಾಗ. ಕೆಟ್ಟ ನೂಲನ್ನ ಒಲೆಗೆ ಹಾಕಕ್ಕೆ ಹೋದೋನ ಕೈ ಹಿಡಿದು, ಸಾಕ್ಷಿ ಸುಡಬೇಡ್ವೋ ಅಂದಿದ್ದ. ಅದು ನೆನಪಾದಾಗ ದೀನದಯಾಳನಿಗೆ ಸಮಾಧಾನ ಏನೂ ಆಗಲಿಲ್ಲ, ಇನ್ನೂ ರೇಗಿತು. ಆ ಮನುಷ್ಯ ಎಲ್ಲಾದಕ್ಕೂ ಮೊದಲೇ ಹೇಳಿಟ್ಟಿದ್ದಾನೆ, ತನಗೆ ಹೇಳಕ್ಕೆ ಅಂತ ಒಂದು ಮಾತೂ ಉಳಿಸಿಲ್ಲ. ಹೊಸದಕ್ಕೇ ಹೊಸದಾಗಿ ಹಾಕು, ಹಳೇದನ್ನ ಮುಟ್ಟಬೇಡ, ಬಿಚ್ಚಿ ನನ್ನ ಕೈಗೆ ಕೊಡು ಅಂದ. ಡಿಸೈನ್ ಎಲ್ಲಾ ಕಾಪಿ ಮಾಡ್ಕೊಳ್ಳಿ, ಆಮೇಲೆ ಹಳೇದನ್ನ ಅಳಿಸಿ ಅದರಲ್ಲೇ ಇಡಬಹುದು ಅಂತ ಅವಳು ಇನ್ನೊಂದು ಸಲ ಹೇಳಿದ್ಲು. ಮುಟ್ಟಬೇಡ ಅಂದ.

ಹೊಸ ವಿಂಡೋಸ್ ಹಾಕಕ್ಕೆ ಇಪ್ಪತ್ತೇ ನಿಮಿಷ. ಎಲ್ಲಾ ಮುಗಿದ ಮೇಲೆ ಪರದೆ ಒಂದು ಪ್ರಶ್ನೆ ಕೇಳ್ತದಂತೆ, ಈ ಕಂಪ್ಯೂಟರನ್ನ ಯಾರು ಬಳಸ್ತಾರೆ ಅಂತ. ಕೆಳಗೆ ಖಾಲಿ ಚೌಕ, ಅದರಲ್ಲಿ ಮಿಣ ಮಿಣ ಅನ್ನೋ ಒಂದು ಗೆರೆ. ತೆನ್ಮೊಳಿ ಚೀಟಿ ನೋಡಿಕೊಂಡು ಟೈಪ್ ಮಾಡಕ್ಕೆ ಶುರು ಮಾಡಿದ್ಲು. ನಾಕು ಅಕ್ಷರ ಬಿದ್ದಿರಬೇಕು.

‘ಅದಲ್ಲ’ ಅಂದ. ‘ದೀನದಯಾಳನ್ ಅಂತ ಹಾಕು.’

‘ಅದು ಯಾರಣ್ಣಾ?’

‘ನಾನೇ.’

ಅವಳು ಚೀಟಿ ನೋಡಿದ್ಲು, ಅವನ ಮುಖ ನೋಡಿದ್ಲು. ‘ಹಂಗಾದ್ರೆ ಗೋವಿಂದಸಾಮಿ ಯಾರು?’

ಅದೇ ಪ್ರಶ್ನೆ, ಬೆಳಗ್ಗೆಯಿಂದ ತಪ್ಪಿಸಿಕೊಂಡದ್ದು. ನೀನು ಹೆಸರು ಹಾಕಮ್ಮಾ ಅಂದ. ಪೆಟ್ಟಿಗೆ ಅರ್ಧ ನಿಮಿಷದಲ್ಲಿ ಎದ್ದಿತು, ಪರದೆ ಮೇಲೆ ಅವನದೇ ಹೆಸರು, ಹೊಸ ಚಪ್ಪಲಿ ಹಂಗೆ ಕಚ್ಚೋ ಹೆಸರು. ಹಳೇ ಎಸ್‌ಎಸ್‌ಡಿಯನ್ನ ಅಂಗಿ ಜೇಬಿಗೆ ಹಾಕ್ಕೊಂಡು, ಪೆಟ್ಟಿಗೇನ ಅದೇ ಲುಂಗೀಲಿ ಕಟ್ಟಿ, ಬಸ್ಸು ಹತ್ತಿ ಬಂದ. ಮನೆಗೆ ಹೋಗ್ಲಿಲ್ಲ. ತಿರುಪ್ಪೂರಿಗೂ ಹೋಗ್ಲಿಲ್ಲ. ನೆಟ್ಟಗೆ ಆ ಮೊದಲಾಳಿ ಮನೆ ಜಗಲಿಗೆ ಬಂದು ಆ ತಗಡನ್ನ ಮುಂದೆ ಇಟ್ಟು, ಇದರಲ್ಲಿದೆ ಮಾಮಾ ಅಂದ. ಎಲ್ಲಾ ಹೇಳ್ದ. ಬಾವನ ಮುಂದೆ ನಿಲ್ಲಕ್ಕೆ ಕಾಲು ಬರಲ್ಲ, ಕಣ್ಣಮ್ಮನ ಮುಂದೆ ಬಾಯಿ ಬರಲ್ಲ, ನೀವು ಹೇಳಿಬಿಡಿ ಅಂದ. ನೋಡಿ ಅವನ ಬುದ್ಧೀನ. ಮೂರು ವರ್ಷದ ಹಿಂದೆ ಬಾವನ ಹೆಸರಿನ ಹಿಂದೆ ಅಡಗಿದೋನು, ಈಗ ನನ್ನ ಬಾಯಿ ಹಿಂದೆ ಅಡಗಕ್ಕೆ ಬಂದಿದಾನೆ.

ಹೂಂ, ಆ ಮೊದಲಾಳಿ ನಾನೇ. ಸೀರೆ ಎಸೆದೋನೂ ನಾನೇ, ಕೈ ನಡುಗ್ತದೆ ಅಂದೋನೂ ನಾನೇ. ತಗಡು ತಗೊಂಡು ಏನು ಮಾಡ್ಲಿ? ನನಗೆ ಅದನ್ನ ಬಿಚ್ಚಕ್ಕೂ ಬರಲ್ಲ, ಓದಕ್ಕೂ ಬರಲ್ಲ, ಬೇಕಾಗಿಯೂ ಇಲ್ಲ. ಮಂಗಳವಾರ ಹನ್ನೊಂದು ಇಪ್ಪತ್ತು ಅಂತ ಅವನು ಅವತ್ತು ಓದಿದಾಗ ನನ್ನ ಕಿವಿ ಎಲ್ಲಿತ್ತು? ಆ ಮಂಗಳವಾರ ನಮ್ಮ ಮೊಮ್ಮಗಳು ಅಭಿನಯಾಗೆ ಕಿವಿ ಚುಚ್ಚಿಸಿದ್ದು. ಹನ್ನೊಂದಕ್ಕೆ ಮೊದಲ ಪಂಕ್ತಿ. ಗೋವಿಂದಸಾಮಿ ನಮ್ಮ ಮನೆ ನಡುಮನೇಲಿ, ಕಂಬದ ಪಕ್ಕ, ಎಲೆ ಮುಂದೆ ಕೂತಿದ್ದ. ಬಡಿಸಿದೋನು ನಾನು. ನಿಮ್ಮ ತೊಟ್ಟಿಲ ಸೀರೆ ಅಂಚು ನೆನಪಿಟ್ಟುಕೊಂಡ ನಾನು, ನನ್ನ ಕೈಯಾರೆ ಬಡಿಸಿದ ಎಲೇನ ನಾಕೇ ದಿನದಲ್ಲಿ ಮರೆತೆ, ಒಂದು ಪೆಟ್ಟಿಗೆ ಹೇಳಿದ್ದನ್ನ ನಂಬಿದೆ. ಈಗ ಬರೀರಿ ಅರಳು ಮರಳು ಅಂತ.

ಕಣ್ಣಮ್ಮಾ, ನೀನೂ ಈ ಗ್ರೂಪಲ್ಲಿದೀಯ, ಕೇಳ್ತಿದೀಯ ಅಂತ ಗೊತ್ತು. ನಿನ್ನ ಗಂಡನ್ನ ಏನು ಮಾಡ್ತೀಯೋ ಮಾಡು, ನಾನು ಅಡ್ಡ ಬರಲ್ಲ. ಉಳಿದೋರು ಕೇಳಿ. ನಾನು ಫೋನ್ ಮಾಡಿದ್ರೆ ಗೋವಿಂದಸಾಮಿ ಎತ್ತಲ್ಲ, ನನ್ನ ಧ್ವನಿ ಅಂದ್ರೆ ಮೊದಲ ಮಾತಿಗೇ ನಿಲ್ಲಿಸ್ತಾನೆ. ತಿರುಪ್ಪೂರಲ್ಲಿ ಇರೋ ಯಾರಾದ್ರೂ ಈ ರೆಕಾರ್ಡಿಂಗನ್ನ ಅವನ ಹತ್ರ ತಗೊಂಡು ಹೋಗಿ, ಕತ್ತರಿಸಬೇಡಿ, ಪೂರಾ ಕೇಳ್ಸಿ. ಮೊದಲು ನಿಮ್ಮ ಬಾಯಲ್ಲೇ ಒಂದು ಮಾತು ಹೇಳಿ. ಕಿವಿ ಚುಚ್ಚಿಸಿದ ಆ ಮಂಗಳವಾರ ಎಲೆ ಮಡಚಕ್ಕೆ ಹೋದೋನ ಕೈ ಹಿಡಿದು ಮುದುಕ ಎರಡನೇ ಒಬ್ಬಟ್ಟು ಹಾಕಿದ್ನಂತೆ, ತುಪ್ಪ ಅಂಗಿ ತೋಳಿನ ಮೇಲೆ ಬಿತ್ತಂತೆ, ಅದು ಮುದುಕನಿಗೆ ನೆನಪಿದೆಯಂತೆ ಅಂತ ಹೇಳಿ. ಅಷ್ಟು ಕೇಳಿದ್ರೆ, ಮಿಕ್ಕಿದ್ದನ್ನೂ ಕೇಳ್ತಾನೆ.